ಉರುಳಿ ಬರುವ ಟಿನ್ನು

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಯಲ್ಲಿ ಕಾಬೂಲ್ ಕಡಲೆ, ತೆಂಗಿನಹಾಲಿನ ಟಿನ್ನುಗಳು ಶೆಲ್ಫಿನ ಮೂಲೆ ಸೇರಿ ಹಳತಾಗುತ್ತವೆ. ಏನಾದರೂ ಉಪಾಯ ಉಂಟೇ?

ಉತ್ತರ: ಉಂಟು. ಪ್ಲೈವುಡ್ಡಿನ ಪೆಟ್ಟಿಗೆಯೊಳಗೆ ಎರಡು ಇಳಿಜಾರು ಹಲಗೆ ಕೂರಿಸಿ. ಮೇಲಿನದು ಹಿಂದಕ್ಕೆ ಇಳಿಯಲಿ, ಕೆಳಗಿನದು ಮುಂದಕ್ಕೆ. ಒಂದು ಅಡಿ ಉದ್ದಕ್ಕೆ ಒಂದಿಂಚು ಇಳಿತ ಸಾಕು. ಮೇಲೆ ಅಡ್ಡ ಮಲಗಿಸಿಟ್ಟ ಹೊಸ ಟಿನ್ನು ಹಿಂದೆ ಹೋಗಿ ‘ಧಡ್’ ಎಂದು ಕೆಳಗಿಳಿಯುತ್ತದೆ, ಹಳೆಯದು ಮುಂದೆ ಕೈಗೆ ಸಿಗುತ್ತದೆ. ಅಲ್ಲಿನ ಮಾಮೂಲಿ ಟಿನ್ನು ಸುಮಾರು 3 ಇಂಚು ದಪ್ಪ, 4.5 ಇಂಚು ಎತ್ತರ. ಆದ್ದರಿಂದ ಮೇಲಿನ ಹಲಗೆಯನ್ನು ಹಿಂಗೋಡೆಗೆ 3.5 ಇಂಚು ಮೊದಲೇ ನಿಲ್ಲಿಸಿ. ಪಕ್ಕದ ಹಲಗೆಗಳ ನಡುವೆ ಟಿನ್ನಿನ ಎತ್ತರಕ್ಕಿಂತ ಕಾಲಿಂಚು ಹೆಚ್ಚಿರಲಿ, ಅಷ್ಟೇ. ಜಾಗ ಜಾಸ್ತಿಯಾದರೆ ಟಿನ್ನು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ನಾನು ಎಡವಿದ್ದೂ ಇಲ್ಲೇ. ಮುಂದುಗಡೆ ತಡೆಗೆ ಒಂದಿಂಚಿನ ಪಟ್ಟಿ ಹೊಡೆಯಿರಿ. ಮರ ಕೊಯ್ಯುವ ಮೊದಲು ರಟ್ಟಿನಲ್ಲೊಮ್ಮೆ ಮಾಡಿ ಉರುಳಿಸಿ ನೋಡಿ.