ಹಿತ್ತಿಲ ಕೋಳಿಗಳಿಗೆ ಎಂತಹ ಹುಂಜ?

ದಾದರಿನ ಖೋಲಿಗಳಲ್ಲಿ ಕೋಳಿ ಸಾಕುವ ಅನುಕೂಲವೆಲ್ಲಿಯದು? ಆದರೆ ಇಲ್ಲಿಯ ಹೊಟೇಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮವರಲ್ಲಿ ಅನೇಕರ ಊರಮನೆಯ ಹಿತ್ತಿಲಲ್ಲಿ, ಅದು ಕುಂದಾಪುರವಿರಲಿ, ಕಾರ್ಕಳ ಬಂಟ್ವಾಳಗಳಿರಲಿ, ಎಂಟು ಹತ್ತು ಹೇಂಟೆಗಳು ಇಂದಿಗೂ ಕೆದಕಿಕೊಂಡು ತಿರುಗುತ್ತಿರುತ್ತವೆ. ಅವುಗಳಿಂದ ಬರುವ ಹಣ ಮನೆಯ ಹೆಂಗಸರ ಸ್ವಂತ ಹಣ. ಮುಂಬಯಿಯಿಂದ ಹೋಗಬೇಕಾದುದು ತಡವಾದ ತಿಂಗಳಲ್ಲಿ ಉಪ್ಪು ಮೆಣಸಿಗೆ ಒದಗುವುದು ಅದೇ. ರಜೆಯಲ್ಲಿ ಊರಿಗೆ ಹೋದ ಮಗನೊಡನೆ ತಾಯಿ ಒಂದು ಒಳ್ಳೆಯ ಹುಂಜ ಬೇಕೆಂದರೆ, ಅವನು ಸಂತೆಗೆ ಹೋಗಿ ಎಲ್ಲಕ್ಕಿಂತ ದೊಡ್ಡದನ್ನು ಎತ್ತಿಕೊಂಡು ಬರುತ್ತಾನೆ. ಪ್ರೀತಿಯಿಂದಲೇ ತರುತ್ತಾನೆ, ನಿಜ. ಆದರೆ ಹಿತ್ತಿಲು ಕೆಡುವುದು ಹಲವು ವೇಳೆ ಅಲ್ಲಿಂದಲೇ.

ಬರಿಯ ಮೊಟ್ಟೆಗಾಗಿ ಹುಂಜವೇ ಬೇಕಾಗಿಲ್ಲ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ. ಅದರಿಂದ ಮರಿ ಹೊರಡದು, ಅಷ್ಟೇ. ಹುಂಜ ಬೇಕಾಗುವುದು ಸಂತಾನಕ್ಕೆ. ಹಿತ್ತಿಲಲ್ಲಿ ಹುಟ್ಟುವ ಪ್ರತಿಯೊಂದು ಮರಿಯ ಅರ್ಧ ರಕ್ತ ಆ ಒಂದೇ ಹುಂಜದ್ದು. ಆದುದರಿಂದ ಹತ್ತು ಹೇಂಟೆಗಳ ಆಯ್ಕೆಗಿಂತ ಈ ಒಂದು ಆಯ್ಕೆ ಹೆಚ್ಚಿನದು.

ಈಗಿನ ಹಿತ್ತಿಲುಗಳಲ್ಲಿ ಒಂದೇ ಜಾತಿಯ ಕೋಳಿಗಳಿರುವುದು ಅಪರೂಪ. ಊರಕೋಳಿಗಳ ನಡುವೆ ಗಿರಿರಾಜವೂ ಸ್ವರ್ಣಧಾರೆಯೂ ಬೆರೆತಿರುತ್ತವೆ. ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ಹೊರಬಂದ ಗಿರಿರಾಜ, ಹಿತ್ತಿಲ ಸಾಕಣೆಗೆಂದೇ ಮಾಡಿದ ತಳಿ. ಅದರ ಹೇಂಟೆ ವರ್ಷಕ್ಕೆ 130-150 ಮೊಟ್ಟೆಯಿಟ್ಟರೆ ಊರಕೋಳಿ 50-60 ಇಟ್ಟೀತು. ಆದರೆ ಗಿರಿರಾಜ ಕಾವಿಗೆ ಕೂರುವುದಿಲ್ಲ. ಮರಿಮಾಡಿ, ರೆಕ್ಕೆಯಡಿಯಲ್ಲಿ ಅಡಗಿಸಿ, ಗಿಡುಗನೊಡನೆ ಹೋರಾಡುವವಳು ಊರಹೇಂಟೆಯೇ. ಪ್ರಾಯದ ಗಿರಿರಾಜ ಹುಂಜ ನಾಲ್ಕು ಕಿಲೋ ತೂಗಬಲ್ಲದು, ಊರಹೇಂಟೆ ಒಂದೂವರೆ ಕಿಲೋ ದಾಟುವುದು ಕಷ್ಟ. ಆ ಭಾರದಡಿಯಲ್ಲಿ ಹೇಂಟೆಯ ಬೆನ್ನಿನ ಗರಿ ಉದುರುತ್ತದೆ, ಉಗುರು ತಾಗಿ ಚರ್ಮ ಹರಿಯುತ್ತದೆ, ಗಾಯಕ್ಕೆ ನೊಣ ಕೂರುತ್ತದೆ. ಮುಂದೆ ಹುಟ್ಟುವ ಮರಿಗಳಲ್ಲಿ ಕಾವಿನ ಗುಣ ಕುಗ್ಗುವುದೂ ಉಂಟು. ಆಮೇಲೆ ವರ್ಷವರ್ಷವೂ ಮರಿಗಳನ್ನು ಹಣ ಕೊಟ್ಟು ತರಬೇಕು. ಮಿಶ್ರ ಹಿಂಡಿಗೆ ಹುಂಜವನ್ನು ಆರಿಸುವಾಗ ಅಳತೆಯಾಗಬೇಕಾದವಳು ಹಿಂಡಿನ ಅತ್ಯಂತ ಚಿಕ್ಕ ಹೇಂಟೆ. ಆಕೆಗಿಂತ ತುಸು ದೊಡ್ಡದಾದ, ಎರಡು ಎರಡೂವರೆ ಕಿಲೋದ ಊರಹುಂಜವೇ ಲೇಸು.

ತುಳುನಾಡಿನವರಿಗೆ ಇನ್ನೊಂದು ಸೆಳೆತವುಂಟು: ಅಂಕದ ಹುಂಜ. ಕುಕ್ಕುಟ ಪಂಚಾಂಗ ನೋಡಿ, ಇಂತಹ ದಿನ ಬೊಳ್ಳೆ ಗೆಲ್ಲುವುದು, ಇಂತಹ ದಿನ ಕೆಮೈರೆ ಗೆಲ್ಲುವುದು ಎಂದು ಬಣ್ಣ ಲೆಕ್ಕಹಾಕುವ ಪ್ರವೀಣರು ಹೊಟೇಲಿನ ಭಟ್ಟಿಯ ಬಳಿಯಲ್ಲಿಯೂ ಇದ್ದಾರೆ. ಕೋಳಿಗಳನ್ನು ಕಾದಾಡಿಸುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಗೆ ವಿರುದ್ಧವೆಂಬುದು ಹಾಗಿರಲಿ. ಆ ಬಣ್ಣಕ್ಕೂ ಮರಿಗಳ ಆರೋಗ್ಯಕ್ಕೂ ಸಂಬಂಧವಿಲ್ಲ. ಹಳದಿ ಕಾಲಿನ ಮಾತೂ ಅಷ್ಟೇ. ಆ ಹಳದಿ ನಮ್ಮ ದಕ್ಷಿಣದ ಬೂದು ಕಾಡುಕೋಳಿಯಿಂದ ನಾಡಕೋಳಿಗೆ ಬಂದುದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಹೆಮ್ಮೆಪಡಬಹುದು, ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಕಾದಾಟಕ್ಕೆ ಬೆಳೆಸಿದ ಹುಂಜ ಇತರ ಹುಂಜಗಳನ್ನು ಉಳಿಯಗೊಡದು. ಮನುಷ್ಯರ ಮೇಲೆ ಹಾರುವ ಹುಂಜವನ್ನಂತೂ ಎಷ್ಟೇ ಚೆಲುವಾಗಿದ್ದರೂ ತರಬಾರದು. ಮನೆಯಲ್ಲಿರುವವರು ವಯಸ್ಸಾದ ತಾಯಿ, ಅಂಗಳದಲ್ಲಿ ಆಡುವ ಮಗು. ಅದರ ಕಾಲಿನ ಮುಳ್ಳು ನಾಟುವುದು ಮಗುವಿನ ಕಣ್ಣಿನೆತ್ತರಕ್ಕೆ.

ಹಾಗಾದರೆ ಏನನ್ನು ನೋಡಬೇಕು? ಸಂತೆಯಲ್ಲಿ ಕಾಲು ಕಟ್ಟಿ ಮಲಗಿಸಿದ ಹುಂಜ ತನ್ನ ಗುಣವನ್ನು ಹೇಳದು. ಸಾಧ್ಯವಾದರೆ ನೆರೆಯೂರಿನ ಮನೆಯ ಅಂಗಳದಲ್ಲಿಯೇ ನೋಡಿರಿ. ಕಾಳು ಚೆಲ್ಲಿದಾಗ ತಾನೇ ನುಂಗದೆ ಕುಟುಕುಟು ಎಂದು ಹೇಂಟೆಗಳನ್ನು ಕರೆಯುವುದೇ? ಆಕಾಶದಲ್ಲಿ ನೆರಳು ಹಾದರೆ ಎಚ್ಚರಿಸುವುದೇ? ಕಣ್ಣು ಹೊಳಪಾಗಿ, ಜುಟ್ಟು ಕೆಂಪಾಗಿ, ಕಾಲು ನೆಟ್ಟಗೆ, ಬೆರಳು ಸೊಟ್ಟಾಗದೆ ಇದ್ದರೆ ಸಾಕು. ಪ್ರಾಯ ಎಂಟು ತಿಂಗಳಿಂದ ಎರಡು ವರ್ಷದೊಳಗಿರಲಿ. ಎಂಟು ಹತ್ತು ಹೇಂಟೆಗಳಿಗೆ ಒಂದೇ ಹುಂಜ, ಎರಡಾದರೆ ಜಗಳ.

ಸ್ವಂತ ಗೂಡಿನಲ್ಲಿ ಹುಟ್ಟಿದ ಹುಂಜವನ್ನೇ ತಾಯಿ ತಂಗಿಯರ ಮೇಲೆ ಬಿಡುತ್ತ ಹೋದರೆ ಕೆಲವು ತಲೆಮಾರುಗಳಲ್ಲಿ ಮರಿಗಳು ಸೊರಗುತ್ತವೆ, ಮೊಟ್ಟೆಗಳು ಒಡೆಯದೆ ಉಳಿಯುತ್ತವೆ. ಎರಡು ವರ್ಷಕ್ಕೊಮ್ಮೆ ದೂರದ ಮನೆಯವರೊಡನೆ ಹುಂಜ ಬದಲಾಯಿಸಿಕೊಳ್ಳುವುದು ಖರ್ಚಿಲ್ಲದ ಉಪಾಯ.

ತಂದ ಹುಂಜವನ್ನು ಅದೇ ಸಂಜೆ ಹಿಂಡಿಗೆ ಬಿಡಬೇಡಿರಿ. ಕೊಕ್ಕರೆ ರೋಗ ಹೊಕ್ಕರೆ ಗೂಡೇ ಬರಿದಾದೀತು. ಎರಡು ಮೂರು ವಾರ ಬೇರೆಯಾಗಿ ಕಟ್ಟಿಡಲು, ಪಶು ಆಸ್ಪತ್ರೆಯಲ್ಲಿ ಲಸಿಕೆಯ ವಿಚಾರ ಕೇಳಲು ತಾಯಿಗೆ ಹೇಳಿ ಬನ್ನಿರಿ. ಹಳೆಯ ಹುಂಜ ಹೋದ ಮೇಲೂ ಅದರ ಬೀಜ ಹೇಂಟೆಯಲ್ಲಿ ಎರಡು ವಾರ, ಕೆಲವೊಮ್ಮೆ ಮೂರು ವಾರ ಉಳಿದಿರುತ್ತದೆ. ಹಳೆಯದನ್ನು ತೆಗೆದ ಮೂರು ವಾರಗಳ ಅನಂತರದ ಮೊಟ್ಟೆಗಳನ್ನೇ ಕಾವಿಗೆ ಇಡತಕ್ಕದ್ದು.