ಮೆಚ್ಚಿನ ಆಟ ದಾರಿ ಬದಲಿಸಿದರೆ ಮಕ್ಕಳೇಕೆ ನೊಂದುಕೊಳ್ಳುತ್ತಾರೆ?

ಉಟಗಿ (ಜತ್ತ ತಾ.): ಮೊಬೈಲ್ ಆಟವೊಂದು ಬದಲಾದಾಗ ಮಕ್ಕಳು ಮುನಿಸಿಕೊಂಡರೆ ಅದನ್ನು ಹಟವೆಂದು ನಾವು ತಳ್ಳಿಹಾಕುತ್ತೇವೆ. ಅದರ ಕಾರಣವನ್ನು ಅರಿಯುವುದು ಲೇಸು.

ಪಬ್ಜಿ ಇದಕ್ಕೆ ನಿದರ್ಶನ. ದಕ್ಷಿಣ ಕೊರಿಯಾ ಮೂಲದ ಈ ಆಟದ ಮೊಬೈಲ್ ಆವೃತ್ತಿಯನ್ನು ಭಾರತದಲ್ಲಿ ಚೀನಾದ ಟೆನ್ಸೆಂಟ್ ನಡೆಸುತ್ತಿತ್ತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರವು ಇದೂ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಬಳಿಕ ಕ್ರಾಫ್ಟನ್ ಸಂಸ್ಥೆಯು ಭಾರತದ ಹೊಣೆಯನ್ನು ತಾನೇ ವಹಿಸಿಕೊಂಡು, 2021ರ ಜುಲೈ 2ರಂದು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಆಟವನ್ನು ತಂದಿತು. ರಕ್ತದ ಬಣ್ಣ ಹಸಿರಾಯಿತು. 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಬಂದಿತು. 2022ರ ಜುಲೈನಲ್ಲಿ ಅದೂ ಆ್ಯಪ್ ಮಳಿಗೆಗಳಿಂದ ಮರೆಯಾಗಿ, 2023ರ ಮೇ ತಿಂಗಳಲ್ಲಿ ಮರಳಿತು.

ಇಂಥ ಮಿತಿಗಳು ಪಾಲಕರಾದ ನಮಗೆ ಒಳಿತೆನಿಸುತ್ತವೆ. ಮಗುವಿನ ಪಾಲಿಗಾದರೋ ಗೆಳೆಯರ ಗುಂಪು, ತಿಂಗಳುಗಟ್ಟಲೆ ಆಡಿ ಗಳಿಸಿದ ಶ್ರೇಣಿ, ಹಣ ತೆತ್ತು ಪಡೆದ ಉಡುಪು ಎಲ್ಲವೂ ಆ ಆಟದೊಳಗೇ ಇವೆ. ಅವು ಇರುವುದು ಕಂಪನಿಯ ಸರ್ವರಿನಲ್ಲಿ. ನಮಗೆ ದೊರೆಯುವುದು ಬಳಕೆಯ ಪರವಾನಗಿಯೇ ಹೊರತು ಒಡೆತನವಲ್ಲ. ಕ್ರಿಕೆಟ್ ಬ್ಯಾಟು ಮಾರಿದ ಅಂಗಡಿಯವನು ಅದನ್ನು ಮರಳಿ ಒಯ್ಯಲಾರ. ಆಟದ ಕಂಪನಿ ಒಯ್ಯಬಲ್ಲದು.

ಆದುದರಿಂದ ಮಕ್ಕಳ ಬೇಸರವನ್ನು ಗೇಲಿ ಮಾಡದಿರೋಣ. ಗೇಲಿಗೆ ಅಂಜಿದ ಮಗು ಮುಂದೆ ಹಣ ಕಳೆದುಕೊಂಡರೂ ನಮಗೆ ಹೇಳದು. ಆಟದ ಷರತ್ತುಗಳಿಗೆ ಒಪ್ಪಿಗೆ ಒತ್ತುವ ಮೊದಲೇ ಅವುಗಳ ಅರ್ಥವನ್ನು ಮನೆಯಲ್ಲಿ ಕನ್ನಡದಲ್ಲಿಯೇ ತಿಳಿಸಿಕೊಡೋಣ.