ನಿಮಗಿದು ಗೊತ್ತೆ? ಹೊಗೆ ಕುಡಿದ ಬಾರ್ಲಿ

ಹುಲ್ಲಹಳ್ಳಿಯಿಂದ ನಂಜನಗೂಡು, ಮೈಸೂರು ದಾಟಿ ಬೆಂಗಳೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ, ರಾಜಧಾನಿ ಇನ್ನೇನು ಬಂತು ಎನ್ನುವಾಗ ಕಂಬೀಪುರ ಸಿಗುತ್ತದೆ. ಜಗತ್ತಿನ ವಿಸ್ಕಿ ಪರೀಕ್ಷಕರು ತಲೆದೂಗಿದ ‘ಅಮೃತ್’ ತಯಾರಾಗುವುದು ಇಲ್ಲೇ.

ಮನೆಯಲ್ಲಿ ರಾಗಿ ಮೊಳಕೆ ಕಟ್ಟುವಂತೆ ಈ ವಿಸ್ಕಿಗೆ ಬಾರ್ಲಿಯನ್ನೂ ನೆನೆಸಿ ಮೊಳಕೆ ಬರಿಸುತ್ತಾರೆ. ಅದನ್ನು ಒಣಗಿಸುವಾಗ ಜೌಗು ನೆಲದಲ್ಲಿ ಅರೆಕೊಳೆತ ಗಿಡಗಳಿಂದಾದ ‘ಪೀಟ್’ ಮಣ್ಣು ಉರಿಸಿದರೆ, ಹೊಗೆಯಲ್ಲಿನ ‘ಫೀನಾಲ್’ ಎಂಬ ರಾಸಾಯನಿಕ ಕಾಳಿಗೆ ಅಂಟುತ್ತದೆ. ಇಂಥ ವಿಸ್ಕಿಗೆ ಡಾಂಬರು, ಆಸ್ಪತ್ರೆಯ ಔಷಧದಂಥ ವಾಸನೆ ಬರುವುದು ಅದರಿಂದಲೇ. ‘ಅಮೃತ್ ಫ್ಯೂಷನ್’ನಲ್ಲಿ ಸ್ಕಾಟ್ಲೆಂಡಿನ ಹೊಗೆ ಬಾರ್ಲಿಯೂ ನಮ್ಮ ದೇಶದ ಬಾರ್ಲಿಯೂ ಬೆರೆತಿವೆ. ವಿಸ್ಕಿ ವಿಮರ್ಶಕ ಜಿಮ್ ಮರ್ರೆಯವರ ‘ವಿಸ್ಕಿ ಬೈಬಲ್’ 2010ರ ಆವೃತ್ತಿ ಇದಕ್ಕೆ 100ಕ್ಕೆ 97 ಅಂಕ ಕೊಟ್ಟು, ಜಗತ್ತಿನಲ್ಲೇ ಮೂರನೆಯದು ಎಂದಿತು. ಕನ್ನಡ ನೆಲದ ಕೈಚಳಕಕ್ಕೆ ಸಂದ ದೊಡ್ಡ ಮನ್ನಣೆಯಿದು. ಆದರೂ ಇದು ಸ್ಕಾಚ್ ಅಲ್ಲ: ಆ ಹೆಸರು ಬೇಕಾದರೆ ಸ್ಕಾಟ್ಲೆಂಡಿನಲ್ಲೇ ಭಟ್ಟಿ ಇಳಿಸಿ, ಅಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡಬೇಕು.

ಪೀಪಾಯಿಯಿಂದ ಆವಿಯಾಗುವುದನ್ನು ‘ದೇವತೆಗಳ ಪಾಲು’ ಎನ್ನುತ್ತಾರೆ. ಅದು ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇ 2; ಬೆಂಗಳೂರಿನ ಬಿಸಿಲಿಗೆ ಶೇ 10ಕ್ಕೂ ಹೆಚ್ಚು. ಹೀಗಾಗಿಯೇ 2013ರಲ್ಲಿ 8 ವರ್ಷ ಮಾಗಿದ ಅಮೃತ್‌ನ ‘ಗ್ರೀಡಿ ಏಂಜಲ್ಸ್’ ಬರೀ 144 ಬಾಟಲಿ ಬಂತು.

ಪರೀಕ್ಷಕರು ಗುಟುಕರಿಸುವುದಕ್ಕಿಂತ ಮೂಸುವುದೇ ಹೆಚ್ಚು. ಬಾಯಿ ಕಿರಿದಾದ ಗ್ಲಾಸನ್ನು ಮೂಗಿಗೆ ತೀರಾ ಒತ್ತದೆ, ತುಟಿ ತುಸು ತೆರೆದು ಉಸಿರೆಳೆಯುತ್ತಾರೆ. ಆಮೇಲೆ ನಾಲ್ಕು ಹನಿ ನೀರು ಬಿಟ್ಟು, ಹೊಗೆಯ ಹಿಂದೆ ಅಡಗಿದ ಹಣ್ಣಿನ, ಕಾಳಿನ ಪರಿಮಳ ಹುಡುಕುತ್ತಾರೆ.